ಹುಣಸೆ ಬೊಡ್ಡೆಗೆ ಇಟ್ಟ ಬೆಂಕಿ

ಅಗ್ಗದಲ್ಲಿ ಕೆಲಸ ಮುಗಿಸಿದೆ ಎಂದು ಎದೆ ತಟ್ಟಿಕೊಳ್ಳುವವರನ್ನು ಕಂಡರೆ ಈಗ ನನಗೆ ಸಣ್ಣಗೆ ನಡುಕ ಬರುತ್ತದೆ. ಮೂರು ತಿಂಗಳ ಹಿಂದೆ ನಾನೂ ಅಂಥವನೇ ಆಗಿದ್ದೆ. ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ. ಕಂಡದ್ದಕ್ಕಿಂತ ಹೆಚ್ಚಿಗೆ ಒಂದು ಮಾತೂ ಸೇರಿಸುವುದಿಲ್ಲ. ನಾನು ಜಮೀನು ಅಳೆಯುವ ಸರ್ವೆಯವನು. ಇಪ್ಪತ್ತೆರಡು ವರ್ಷಗಳಿಂದ ಮಧುಗಿರಿ, ಕೊರಟಗೆರೆ, ಶಿರಾ ಸೀಮೆಯ ಹೊಲಗಳಲ್ಲಿ ಸರಪಣಿ ಎಳೆದಿದ್ದೇನೆ. ಅರ್ಧ ಅಡಿ ನೆಲಕ್ಕೆ ಅಣ್ಣತಮ್ಮಂದಿರು ಮಾತು ಬಿಟ್ಟದ್ದನ್ನು ನೋಡಿ ನೋಡಿ, ಮನೆಯಲ್ಲಿ ಚಾಪೆ ಹಾಸುವಾಗಲೂ ಗೋಡೆಯಿಂದ ಎಷ್ಟು ಇಂಚು ಬಿಡಬೇಕೆಂದು ಯೋಚಿಸುವ ರೋಗ ನನಗೆ ಅಂಟಿದೆ.

ಪುರವರದಲ್ಲಿ ನಮ್ಮ ಮನೆಯ ಹಿಂದೆ ಒಂದು ತುಂಡು ಜಾಗ ಕೊಂಡೆವು. ಕೊಟ್ಟವರು ಅದರಲ್ಲಿದ್ದ ಮರಗಳನ್ನು ಮೊದಲೇ ಸಾ ಮಿಲ್ಲಿಗೆ ಮಾರಿದ್ದರು. ನಮ್ಮ ಪಾಲಿಗೆ ಬಂದದ್ದು ಮೂರು ಬೊಡ್ಡೆಗಳು: ಈ ತುದಿಯಲ್ಲಿ ಎರಡು ಹೊಂಗೆ, ಆ ತುದಿಯಲ್ಲಿ ಪಕ್ಕದ ಮನೆಯ ತಿಮ್ಮಕ್ಕನ ಹಿತ್ತಿಲಿಗೆ ಅಂಟಿಕೊಂಡಂತೆ ಒಂದು ಹುಣಸೆ. ನನ್ನ ಹೆಂಡತಿ ಜಯಮ್ಮನಿಗೆ ಅಲ್ಲಿ ಕನಕಾಂಬರದ ಮಡಿ ಮಾಡುವ ಆಸೆ. ಬೊಡ್ಡೆ ಕೀಳಿಸಿಕೊಡುತ್ತೇನೆ ಎಂದು ನಾನು ಮಾತು ಕೊಟ್ಟೆ. ಅಗ್ಗದಲ್ಲಿ ಕೀಳಿಸುತ್ತೇನೆ ಎಂಬುದನ್ನು ಅವಳು ಕೇಳದೆಯೇ ಸೇರಿಸಿದೆ.

ಜೆಸಿಬಿ ತರಿಸೋಣವೆಂದರೆ ನಮ್ಮ ಓಣಿ ಆರು ಅಡಿ ಅಗಲ, ಜೆಸಿಬಿ ಅದಕ್ಕಿಂತ ದಪ್ಪ. ಕಾಂಪೌಂಡ್ ಒಡೆದು ಒಳಗೆ ಬಿಟ್ಟುಕೊಂಡರೆ ಆಮೇಲೆ ಕಾಂಪೌಂಡ್ ಕಟ್ಟಿಸಬೇಕು. ಇಬ್ಬರು ಕೂಲಿಯವರು ಹಾರೆ, ಗುದ್ದಲಿ ಹೊತ್ತು ಬಂದರು. ಹುಣಸೆ ಬೊಡ್ಡೆಯನ್ನು ಮೂರು ಸುತ್ತು ಸುತ್ತಿದರು, ಹಾರೆಯ ತುದಿಯಿಂದ ಒಮ್ಮೆ ತಟ್ಟಿದರು, ಟೀ ಕುಡಿದರು. ಇದರ ಬೇರು ಶಿರಾದವರೆಗೆ ಹೋಗಿರಬೇಕು ಎಂದು ಹಿರಿಯವನು ತೀರ್ಪು ಕೊಟ್ಟ. ಇಬ್ಬರೂ ಹೊರಟುಹೋದರು. ಆಗ ನಾನು ನಕ್ಕಿದ್ದೆ. ಅವನ ಅಂದಾಜು ಸುಮಾರು ನಲವತ್ತು ಕಿಲೋಮೀಟರು ತಪ್ಪಿರಬಹುದು, ದಿಕ್ಕು ತಪ್ಪಿರಲಿಲ್ಲ.

ನಮ್ಮ ಆಫೀಸಿನಲ್ಲಿ ನರಸಿಂಹಪ್ಪ ಎಂಬವರಿದ್ದಾರೆ, ಪಾವಗಡದ ಆಚೆ ತಿರುಮಣಿ ಕಡೆಯವರು. ಯಾವ ಸಮಸ್ಯೆ ಹೇಳಿದರೂ ಅವರ ಊರಿನಲ್ಲಿ ಅದಕ್ಕೊಂದು ಬಿಟ್ಟಿ ಪರಿಹಾರ ಇರುತ್ತದೆ. ಬೊಡ್ಡೆಗೆ ಬೈರಿಗೆಯಲ್ಲಿ ತೂತು ಹಾಕಿ, ಸುತ್ತ ಮಣ್ಣು ಬಗೆದು, ಕಡಲೆಕಾಯಿ ಹೊಟ್ಟು ತುಂಬಿ ಕೆಂಡ ಇಡಬೇಕಂತೆ. "ಉರಿಯಲ್ಲ ಸಾರ್, ಒಳಗೊಳಗೇ ತಿಂದ್ಕಂಡು ಹೋಯ್ತದೆ. ಎಂಟು ದಿನಕ್ಕೆ ಬೂದಿ. ಏಮೀ ಕಾದು," ಎಂದರು. ಏನೂ ಆಗುವುದಿಲ್ಲ ಎಂಬ ಈ ಭರವಸೆ ತೆಲುಗಿನಲ್ಲಿ ಬಂದದ್ದರಿಂದಲೋ ಏನೋ ನನಗೆ ಇನ್ನಷ್ಟು ಗಟ್ಟಿಯಾಗಿ ಕೇಳಿಸಿತು. ನಮ್ಮ ಸೀಮೆಯಲ್ಲಿ ಕಡಲೆಕಾಯಿ ಹೊಟ್ಟಿಗೆ ಬರವಿಲ್ಲ. ಎಣ್ಣೆ ಮಿಲ್ಲಿನವರು ನಾಲ್ಕು ಮೂಟೆ ಹಾಗೇ ಕೊಟ್ಟರು.

ಸೋಮವಾರ ಬೆಳಿಗ್ಗೆ, ಹೊಂಗೆಗಳನ್ನು ಆಮೇಲಕ್ಕೆ ಬಿಟ್ಟು, ಹುಣಸೆ ಬೊಡ್ಡೆಗೆ ಕೆಂಡ ಇಟ್ಟೆ. ನರಸಿಂಹಪ್ಪ ಹೇಳಿದ್ದು ನಿಜ, ಉರಿ ಏಳಲಿಲ್ಲ. ಊದುಬತ್ತಿಯಷ್ಟು ಹೊಗೆ. ದಿನಕ್ಕೆ ಎರಡು ಸಲ ಟೇಪು ಇಳಿಸಿ ಬೊಡ್ಡೆ ಎಷ್ಟು ಕುಗ್ಗಿತೆಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ಮನೆಗೆ ಬಂದವರನ್ನೆಲ್ಲ ಹಿತ್ತಿಲಿಗೆ ಕರೆದೊಯ್ದು ತೋರಿಸಿದೆ. ನಾಲ್ಕನೆಯ ದಿನ ಜಯಮ್ಮ, ಬಂದವರಿಗೆ ಮೊದಲು ಕೂರಲು ಹೇಳಿ, ಆಮೇಲೆ ಬೊಡ್ಡೆ ತೋರಿಸಿ ಎಂದಳು.

ಶನಿವಾರ ಬೆಳಿಗ್ಗೆ ಆರೂ ಮುಕ್ಕಾಲು. ಹಲ್ಲುಜ್ಜುತ್ತ ಹಿತ್ತಿಲಿನಲ್ಲಿ ನಿಂತಿದ್ದೆ. ಬೊಡ್ಡೆಯಲ್ಲಿ ಹೊಗೆ ಇರಲಿಲ್ಲ. ಹೊಗೆ ತಿಮ್ಮಕ್ಕನ ಹಿತ್ತಿಲಿನಲ್ಲಿತ್ತು. ನೆಲದೊಳಗಿಂದ, ದಾರದಷ್ಟು ತೆಳ್ಳಗೆ, ನೆಟ್ಟಗೆ ಏಳುತ್ತಿತ್ತು. ಅದರ ಪಕ್ಕದಲ್ಲಿ ಅವಳ ರಾಗಿ ಹುಲ್ಲಿನ ಮೆದೆ ಮನೆಯಷ್ಟು ಎತ್ತರಕ್ಕೆ ನಿಂತಿತ್ತು.

ಆಗ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಟೇಪು ತಂದೆ. ಬೊಡ್ಡೆಯಿಂದ ಹೊಗೆಗೆ ಹತ್ತೊಂಬತ್ತು ಅಡಿ. ಹೊಗೆಯಿಂದ ಮೆದೆಗೆ ಮೂರು ಅಡಿ ಎರಡು ಇಂಚು. ಖಾತ್ರಿಗೆಂದು ಎರಡನೆಯ ಸಲವೂ ಅಳೆಯತೊಡಗಿದೆ. "ಅಳೀತಾ ಕೂತ್ಕೋತೀರಾ? ಹೋಗಿ ಹೇಳ್ರೀ," ಎಂದು ಜಯಮ್ಮ ಬಾಗಿಲಿನಿಂದ ಹೇಳಿದಳು.

ತಿಮ್ಮಕ್ಕ ಹಾಲು ಕರೆಯುತ್ತಿದ್ದಳು. ಎರಡು ಹಸು, ಡೇರಿಗೆ ಹಾಲು, ಆ ಮನೆಯ ಸಂಸಾರ ನಡೆಯುವುದೇ ಅದರಿಂದ. ಬಾಯಿಯಲ್ಲಿ ಪೇಸ್ಟಿನ ನೊರೆ ಇಟ್ಟುಕೊಂಡೇ, ನಿಮ್ಮ ಜಾಗದ ಪೂರ್ವ ಭಾಗದಲ್ಲಿ ಸ್ವಲ್ಪ ಹೊಗೆ ಕಾಣಿಸಿಕೊಂಡಿದೆ, ಅದರ ಮೂಲ ಬಹುಶಃ ನಮ್ಮ ಕಡೆಯದು ಎಂದೆ. ಅವಳು ತಲೆ ಎತ್ತಿ ನೋಡಿದಳು. ಚೆಂಬನ್ನು ಕಟ್ಟೆಯ ಮೇಲಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿತ್ತಿಲಿಗೆ ಬಂದಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. "ನನ್ ಹಸಗಳ ಒಂದ್ ವರ್ಸದ ಊಟ ಕಣಪ್ಪ ಅದು," ಎಂದಳು. ಅವಳು ಬೈದಿದ್ದರೆ ಚೆನ್ನಾಗಿತ್ತು.

ಓಣಿಯವರೆಲ್ಲ ಕೊಡ ಹಿಡಿದು ಬಂದರು. ಹಾರೆ ಹಾಕಿ ಅಗೆದರೆ ಒಂದಡಿ ಕೆಳಗೆ ಹೆಬ್ಬೆರಳು ಗಾತ್ರದ ಬೇರು ಕೆಂಪಗೆ ಕೆಂಡವಾಗಿ ಮಲಗಿತ್ತು, ಮೆದೆಯ ಕಡೆಗೆ ಮುಖ ಮಾಡಿ. ನೀರು ಸುರಿದಾಗ ಚುಂಯ್ ಎಂದು ಹಬೆ ಎದ್ದಿತು. ಒಂದು ಬೇರು ಆರಿತು, ಮಿಕ್ಕವು ಎಲ್ಲಿ? "ಸಾರ್, ನೀವು ಸರ್ವೆಯವ್ರು. ಬೇರು ಯಾವ್ಯಾವ ಕಡೀಕೆ ಹೋಗವೆ ಹೇಳ್ಬುಡಿ, ಅಗೀತೀವಿ," ಎಂದ ಹಾರೆ ಹಿಡಿದವನು. ಎಷ್ಟು ಹೊಲಗಳ ಗಡಿ ತೋರಿಸಿದವನು ನಾನು! ಆದರೆ ನನ್ನ ಕಲ್ಲುಗಳು, ಗೆರೆಗಳು ಎಲ್ಲವೂ ನೆಲದ ಮೇಲಿನವು. ಗೊತ್ತಿಲ್ಲ ಎಂದೆ.

ಹುಲ್ಲು ಬೇರೆ ಕಡೆ ಸಾಗಿಸುವುದೊಂದೇ ದಾರಿಯಾಗಿತ್ತು. ಎಲ್ಲಿಗೆ? ತಿಮ್ಮಕ್ಕ ಯಾರನ್ನೂ ಕೇಳಲಿಲ್ಲ. ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ಅವಳ ಹಿತ್ತಿಲಿನಿಂದ ನಮ್ಮ ಜಾಗಕ್ಕೆ ನಡೆದು ಬಂದಳು. ನಾಲ್ಕು ಹೆಜ್ಜೆಗೊಮ್ಮೆ ಬಗ್ಗಿ, ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ನೆಲಕ್ಕೆ ಅಂಗೈ ಇಟ್ಟಳು. ಹುಣಸೆಯ ಸುತ್ತ ಎರಡು ಕಡೆ ಸರಕ್ಕನೆ ಕೈ ತೆಗೆದಳು. ಅಲ್ಲೆಲ್ಲ ಅಗೆದಾಗ ಕೆಂಡ ಸಿಕ್ಕಿತು. ಹೊಂಗೆ ಬೊಡ್ಡೆಗಳ ಹತ್ತಿರ ಬಂದು ನಿಂತಳು. "ಇಲ್ಲಿ ತಣ್ಣಗೈತೆ. ಇಲ್ಲೇ ಒಟ್ಟಿ," ಎಂದಳು.

ಮಧ್ಯಾಹ್ನದವರೆಗೆ ಹೊರೆ ಹೊತ್ತೆವು. ನಾನೂ ಹೊತ್ತೆ, ಎಷ್ಟು ಹೊರೆ ಎಂದು ಎಣಿಸಲಿಲ್ಲ. ಮೆದೆಗೆ ಕೆಳಗಿನಿಂದ ಗೆದ್ದಲು, ತೇವ ತಾಗಬಾರದೆಂದು ನಮ್ಮ ಕಡೆ ಕಲ್ಲಿನ ಮೇಲೆ ಮರ ಅಡ್ಡ ಹಾಕಿ ಎತ್ತರಿಸುತ್ತಾರೆ. ಎರಡು ಹೊಂಗೆ ಬೊಡ್ಡೆಗಳ ಮೇಲೆ ಅಡ್ಡಮರ ಹಾಕಿದಾಗ ಅದು ಹೇಳಿ ಮಾಡಿಸಿದಂತೆ ಕೂತಿತು. "ಇವನ್ನ ಮಾತ್ರ ಕೀಳಿಸ್ಬುಟ್ಟೀಯ, ಹುಷಾರು," ಎಂದಳು ತಿಮ್ಮಕ್ಕ. ಎಷ್ಟು ದಿನ ಇಲ್ಲಿರುತ್ತದೆ ಎಂದು ಮೆಲ್ಲಗೆ ಕೇಳಿದೆ. ಹಸು ತಿಂದು ಮುಗಿಸುವವರೆಗೆ ಎಂಬ ಉತ್ತರ ಬಂತು. ಜಯಮ್ಮ ಕನಕಾಂಬರದ ಸಸಿಗಳನ್ನು ಹಳೆಯ ಪೇಂಟು ಡಬ್ಬಗಳಲ್ಲಿ ನೆಟ್ಟು ಕಿಟಕಿಯ ಮೇಲಿಟ್ಟಳು.

ಹುಣಸೆಯ ಹೊಂಡಕ್ಕೆ ಒಂದು ವಾರ ನೀರು ಹೊತ್ತು ಹಾಕಿದೆ. ಹೊಗೆ ಮತ್ತೆ ಬರಲಿಲ್ಲ. ಆದರೂ ಈಗ ಬೆಳಿಗ್ಗೆ ಎದ್ದೊಡನೆ ಬರಿಗಾಲಿನಲ್ಲಿ ಮೆದೆಯ ಸುತ್ತ ನಡೆದು, ಅಲ್ಲಲ್ಲಿ ಅಂಗೈ ಇಟ್ಟು ನೋಡದಿದ್ದರೆ ನನಗೆ ಕಾಫಿ ಇಳಿಯುವುದಿಲ್ಲ. ಮೊನ್ನೆ ಕೊರಟಗೆರೆ ಕಡೆ ಒಂದು ಹೊಲ ಅಳೆಯಲು ಹೋದೆ. ಹೊಲದ ನಡುವೆ ಒಂದು ಮರದ ಬೊಡ್ಡೆ ಇತ್ತು. ನನಗರಿವಿಲ್ಲದೆಯೇ ಚಪ್ಪಲಿ ಬಿಟ್ಟು, ಬಗ್ಗಿ, ನೆಲ ಮುಟ್ಟಿದೆ. ಹೊಲದ ಯಜಮಾನ ಅದನ್ನು ನೋಡಿದ. ಆಮೇಲೆ ತಾನೂ ಚಪ್ಪಲಿ ಬಿಟ್ಟು ಕೈ ಮುಗಿದ. ಭೂಮಿತಾಯಿಯ ಮೇಲೆ ಇಷ್ಟು ಭಕ್ತಿ ಇರುವ ಸರ್ವೆಯವರನ್ನು ತಾನು ಕಂಡಿರಲಿಲ್ಲ ಎಂದು, ಪಕ್ಕದ ಹೊಲದವನನ್ನು ಕೂಗಿ ಕರೆದು ಹೇಳಿದ. ಇಬ್ಬರೂ ಅಂದು ಗಡಿಯ ಬಗ್ಗೆ ಒಂದು ತಕರಾರೂ ತೆಗೆಯಲಿಲ್ಲ. ಬಿಸಿ ಇದೆಯೇ ಎಂದು ನೋಡಿದೆ ಅಷ್ಟೇ ಎಂದು ಹೇಳಬೇಕೆಂದುಕೊಂಡೆ. ಕಂಡದ್ದನ್ನು ಕಂಡ ಹಾಗೆಯೇ ಹೇಳುವವನು ನಾನು. ಆದರೂ ಸುಮ್ಮನೆ ಸರಪಣಿ ಬಿಚ್ಚಿದೆ.