ಗಂಡು ಒಪ್ಪದ ಹಿಟ್ಟಿನ ಹುಳುವಿನ ಸನ್ನಿಧಿಗೆ ಒಂದು ದೂರು

ಮಾನ್ಯರೇ,

ಎಳ್ಳುಕಾಳಿನಷ್ಟೇ ದೇಹವಿದ್ದರೂ ಇಡೀ ಪ್ರಯೋಗಾಲಯವನ್ನು ಆರು ಕಾಲಿನಡಿ ಇಟ್ಟುಕೊಂಡಿರುವ, ಬೆನ್ನ ಮೇಲೆ ನಾನೇ ಇಟ್ಟ ಹಳದಿ ಬೊಟ್ಟಿನಿಂದ ಶೋಭಿಸುತ್ತಿರುವ, ಗೋಧಿಹಿಟ್ಟಿನ ಜಾಡಿಯ ಒಡತಿಯಾದ ತಮ್ಮ ಮುಂದೆ ಈ ಸಂಶೋಧನಾ ವಿದ್ಯಾರ್ಥಿನಿ ತಲೆಬಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವು ನನ್ನನ್ನು ಬೀದಿಗೆ ತರುವುದೊಂದೇ ಬಾಕಿಯಿತ್ತು.

ತಮಗೆ ಮರೆತುಹೋಗಿರಬಹುದು, ಆದ್ದರಿಂದ ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ಗಟ್ಟಿಮುಟ್ಟಾದ ವಂಶದ ಗಂಡು ಎದುರಿಗೆ ಬಂದರೆ ಯಾವ ಹೆಣ್ಣುಹುಳುವೂ ಒಲ್ಲೆನೆನ್ನುವುದಿಲ್ಲ ಎಂದು ನಮ್ಮ ಪ್ರೊಫೆಸರರು ವಿದ್ವಾಂಸರ ದೊಡ್ಡ ಸಭೆಯೊಂದರಲ್ಲಿ ಘೋಷಿಸಿ, ಚಪ್ಪಾಳೆ ಗಿಟ್ಟಿಸಿಕೊಂಡು ಬಂದು, ನನ್ನನ್ನು ಕರೆದು, "ಹೇಳಿದ್ದಾಗಿದೆ, ಇನ್ನು ಅದನ್ನ ನಿಜ ಮಾಡೋದು ನಿನ್ನ ಜವಾಬ್ದಾರಿ" ಎಂದರು. ಅಲ್ಲಿಗೆ ನನ್ನ ಪದವಿ ತಮ್ಮ ಒಪ್ಪಿಗೆಯ ಮೇಲೆ ನಿಂತಿತು. ಕುಂಚದ ತುದಿಯಿಂದ ತಮ್ಮನ್ನು ಎತ್ತಿ, ಕಾಲು ಜಾರದಂತೆ ಕಾಗದ ಹಾಸಿದ ಗಾಜಿನ ತಟ್ಟೆಯಲ್ಲಿ ಕೂರಿಸಿ, ಮನೆತನ ನೋಡಿ, ಮೈಕಟ್ಟು ನೋಡಿ, ಗಂಡುಗಳನ್ನು ಒಬ್ಬೊಬ್ಬರಾಗಿ ಕರೆತಂದೆ. ಮೊದಲು ಬಂದವರಿಗೆ ತಾವು ಬೆನ್ನು ತಿರುಗಿಸಿದಿರಿ. ಆಮೇಲೆ ಬಂದವರಿಗೆ ತಟ್ಟೆಯ ಸುತ್ತ ಓಟ ಕಲಿಸಿದಿರಿ. ಅತಿ ಕುಲೀನರೊಬ್ಬರನ್ನಂತೂ ಅಂಗಾತ ಕೆಡವಿ, ಅವರು ಕಾಲು ಬಡಿಯುತ್ತಿರುವಾಗ ಪಕ್ಕದಲ್ಲೇ ನಿಂತು ಮೀಸೆ ಒರೆಸಿಕೊಂಡಿರಿ. ಪಕ್ಕದ ಜಾಡಿಯ ವಂಶದ ಹೆಣ್ಣುಗಳು ಇದೇ ಗಂಡುಗಳನ್ನು ಕಂಡದ್ದೇ ತಡ ಒಪ್ಪಿಕೊಂಡಾಗ ನನ್ನ ಹೊಟ್ಟೆಯಲ್ಲಿ ಎದ್ದ ಉರಿಯನ್ನು ತಮ್ಮ ಜಾಡಿಗಳಿರುವ ಬೆಚ್ಚನೆಯ ಪೆಟ್ಟಿಗೆಗೆ ಜೋಡಿಸಿದ್ದರೆ ವಿದ್ಯುತ್ತೇ ಬೇಕಾಗುತ್ತಿರಲಿಲ್ಲ.

ಆಗಲೇ ನನ್ನ ಅಮ್ಮನ ಆಗಮನವಾಯಿತು. ನನಗಾಗಿ ಹುಡುಕಿದ್ದ ವರನೊಬ್ಬನ ಫೋಟೋವನ್ನು ಅವಳು ಸೂಕ್ಷ್ಮದರ್ಶಕಕ್ಕೆ ಒರಗಿಸಿ ನಿಲ್ಲಿಸಿದಳು.

"ಫೋನ್ ಎತ್ತದೇ ಇದ್ರೆ ಬಿಟ್ಟುಬಿಡ್ತೀನಿ ಅಂದ್ಕೊಂಡ್ಯಾ? ಒಳ್ಳೆ ಮನೆತನ. ಹಲ್ಲು ನೋಡು, ಎಷ್ಟು ಸಾಲಾಗಿದೆ!"

ನಾನು ಉತ್ತರ ತಪ್ಪಿಸಲು ತಮ್ಮನ್ನು ತೋರಿಸಿದೆ. ಹೆಣ್ಣು ಯಾರದ್ದೇ ಆಗಲಿ, ವಿಚಾರಿಸದೆ ಬಿಡುವವಳಲ್ಲ ಅಮ್ಮ.

"ಯಾರೂ ಬೇಡವಂತಾ ಇವಳಿಗೆ? ಇವಳ ಅಕ್ಕತಂಗಿಯರು ಹೇಗೆ?"

"ಅವರೂ ಹೀಗೇನೇ."

"ಇವಳ ಅಮ್ಮ?"

"ಅವಳೂ, ಅಜ್ಜಿಯೂ..." ಎನ್ನುತ್ತಿದ್ದಂತೆ ನನ್ನ ಮಾತು ನಿಂತಿತು. ಬಂದ ಗಂಡುಗಳ ವಂಶಾವಳಿಯನ್ನೆಲ್ಲ ಬಾಯಿಪಾಠ ಮಾಡಿದ್ದ ನಾನು, ಆರಿಸುವವಳ ವಂಶ ಯಾವುದೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಹೇಸಿಗೆಪಡುವುದೋ ಹಟ ಹಿಡಿಯುವುದೋ, ಅದು ತಮ್ಮ ರಕ್ತದಲ್ಲೇ ಇತ್ತು.

ಈ ಜ್ಞಾನೋದಯವನ್ನು ಸವಿಯುವಷ್ಟರಲ್ಲಿ ಪ್ರೊಫೆಸರರು ಬಿಸ್ಕತ್ತು ಕಡಿಯುತ್ತ ಒಳಬಂದು, ತಾವು ಕೂತಿದ್ದ ಗಾಜಿನ ತಟ್ಟೆಯ ಮೇಲೆ ಬಗ್ಗಿದರು. ಪುಡಿಯ ಜೊತೆಗೆ, ಆ ಹಳೆಯ ಬಿಸ್ಕತ್ತಿನಲ್ಲಿ ಸಂಸಾರ ಹೂಡಿದ್ದ ಗಂಡುಹುಳುವೊಂದು ಕೆಳಗೆ ಬಿತ್ತು. ಕುಲವಿಲ್ಲ, ಗೋತ್ರವಿಲ್ಲ, ಆರನೆಯ ಕಾಲೂ ಇಲ್ಲ. ತಾವು ಅದರ ಬಳಿ ಹೋಗಿ, ಮೀಸೆ ತಾಗಿಸಿ, ಸುಮ್ಮನೆ ನಿಂತಿರಿ. ಮುಂದಿನದನ್ನು ಸಭ್ಯತೆಯ ದೃಷ್ಟಿಯಿಂದ ಬರೆಯುವುದಿಲ್ಲ.

"ಇದನ್ನ ಲೆಕ್ಕಕ್ಕೆ ತಗೋಬೇಡ!" ಎಂದು ಪ್ರೊಫೆಸರರು ಕೂಗಿದರು. ಅಮ್ಮ ಮಾತ್ರ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ತಾನೂ ಬಂದ ವರಗಳನ್ನೆಲ್ಲ ವಾಪಸು ಕಳಿಸಿ, ಕೊನೆಗೆ ಫ್ಯಾನ್ ರಿಪೇರಿಗೆ ಬಂದು, ಏಣಿ ಜಾರಿ, ಆ ಫ್ಯಾನಿಗೇ ಜೋತುಬಿದ್ದು "ಅಕ್ಕಾ, ಸ್ವಿಚ್ ಮುಟ್ಟಬೇಡಿ" ಎಂದು ಕೂಗಿದವನನ್ನು ಮೆಚ್ಚಿದ ಕಥೆಯನ್ನು ಅವಳು ಪೂರ್ತಿಯಾಗಿ ಹೇಳಿದ್ದು ಅಂದೇ. ಅವನೇ ನನ್ನ ಅಪ್ಪ. ಏಣಿಯ ಸಂಗತಿ ಗೊತ್ತಿತ್ತು, "ಅಕ್ಕಾ" ಗೊತ್ತಿರಲಿಲ್ಲ.

ಆಮೇಲೆ ನಾನು ಬೇರೆ ಬೇರೆ ವಂಶದ ಹೆಣ್ಣುಗಳನ್ನು ತಂದು, ಅದೇ ಗಂಡುಗಳ ಮುಂದೆ ಕೂರಿಸಿ ನೋಡಿದೆ. ಆಯ್ಕೆ ಬದಲಾದದ್ದು ಹೆಣ್ಣಿನ ವಂಶ ಬದಲಾದಂತೆ. ಪ್ರಬಂಧ ಉಳಿಯಿತು, ಪ್ರೊಫೆಸರರ ಘೋಷಣೆ ಉಳಿಯಲಿಲ್ಲ. ಈಗ ತಮ್ಮಲ್ಲಿ ನನ್ನ ಬೇಡಿಕೆ ಇಷ್ಟೇ: ಪರೀಕ್ಷಕರ ಮುಂದೆ ಖುದ್ದಾಗಿ ಹಾಜರಾಗಿ, ಆ ಕುಂಟನಲ್ಲಿ ತಾವು ಕಂಡದ್ದೇನೆಂದು ಸ್ಪಷ್ಟ ಮಾತುಗಳಲ್ಲಿ ವಿವರಿಸಬೇಕು. ಅದೊಂದು ಮಾತ್ರ ನನ್ನ ಯಾವ ಕೋಷ್ಟಕಕ್ಕೂ ಸಿಕ್ಕಿಲ್ಲ.

ವರನ ಮನೆಗೆ ಅಮ್ಮನೇ ಫೋನ್ ಮಾಡಿದಳು. "ನಿಮ್ಮ ಹುಡುಗನಲ್ಲಿ ಏನೂ ಕೊರತೆ ಇಲ್ಲಮ್ಮ" ಎಂದು ಸಮಾಧಾನ ಹೇಳಿ, ಒಂದಿಷ್ಟು ಹೆಮ್ಮೆಯಿಂದಲೇ ಸೇರಿಸಿದಳು: "ನಮ್ಮ ಹೆಣ್ಣುಗಳೇ ಹೀಗೆ."

ತಮ್ಮ ಹಟದ ಫಲವಾಗಿ ಇನ್ನೂ ಅವಿವಾಹಿತೆಯಾಗಿ, ನೆಮ್ಮದಿಯಾಗಿ ಉಳಿದಿರುವ,
ತಮ್ಮ ವಿಶ್ವಾಸಿ,
ಹಿಟ್ಟು ಜರಡಿ ಹಿಡಿಯುವವಳು

ವಿ.ಸೂ.: ತಾನು ಮೊದಲಿನಿಂದಲೂ ಇದನ್ನೇ ಹೇಳುತ್ತಿದ್ದೆನೆಂದು ಪ್ರೊಫೆಸರರು ಈಗ ಸಾರುತ್ತಿದ್ದು, ನಾಳೆ ತಮ್ಮನ್ನು ಅಂಗೈಯಲ್ಲಿಟ್ಟುಕೊಂಡು ಪತ್ರಿಕೆಗೆ ಫೋಟೋ ತೆಗೆಸಿಕೊಳ್ಳಲಿದ್ದಾರೆ. ಕೆಣಕಿದಾಗ ದುರ್ವಾಸನೆ ಬಿಡುವ ವಿಶೇಷ ಶಕ್ತಿ ತಮ್ಮ ಕುಲಕ್ಕಿದೆಯಷ್ಟೆ. ದಯವಿಟ್ಟು ಸಂಕೋಚ ಬೇಡ.