ಮೂರನೇ ಸಾಲಿನ ನಗು

ಆ ಊರಿನಲ್ಲಿ ಯಾರೂ ಮೊದಲು ನಗುತ್ತಿರಲಿಲ್ಲ. ನಗಲು ಬಾರದ ಜನವೇನಲ್ಲ. ಒಬ್ಬ ನಕ್ಕರೆ ಸಾಕು, ಮಿಕ್ಕವರು ಹೊಟ್ಟೆ ಹಿಡಿದುಕೊಂಡು ಕುರ್ಚಿಯಿಂದ ಜಾರುತ್ತಿದ್ದರು. ಆದರೆ ಆ ಒಬ್ಬ ತಾನಾಗಬಾರದು. ತಾನು ನಕ್ಕು ಪಕ್ಕದವನು ನಗದೆ ಹೋದರೆ ಇದ್ದ ಮಾನ ಎಲ್ಲಿಗೆ ಹೋಗಬೇಕು? ಹಾಗಾಗಿ ನಗೆನಾಟಕ ಆಡುವವರು ಮೂರನೇ ಸಾಲಿನಲ್ಲಿ ತಮ್ಮ ಕಡೆಯವನೊಬ್ಬನನ್ನು ಕೂರಿಸಿಬಿಡುತ್ತಿದ್ದರು. ಮೊದಲ ನಗು ಅವನದು, ಆಮೇಲಿನದು ಊರಿನದು.

ಕಾಯಮ್ಮಾಗಿ ನಗುತ್ತಿದ್ದವನಿಗೆ ಈ ಸಲ ಗಂಟಲು ಕಟ್ಟಿತು. ನಾಟಕದ ದಿನ ಬೆಳಗ್ಗೆಯೇ, ನಾಟಕದ ನಿರ್ದೇಶಕರಾದ ಡ್ರಿಲ್ ಮೇಷ್ಟ್ರು ಕೊರಳಲ್ಲಿ ಸೀಟಿ ಅಲ್ಲಾಡಿಸುತ್ತ ಟೈಲರನ ಅಂಗಡಿಗೆ ಬಂದರು.

"ನೋಡಯ್ಯಾ, ಬಟ್ಟೆ ಹೊಲಿದವನು ನೀನು. ತಾಲೀಮು ಒಂದೂ ಬಿಟ್ಟಿಲ್ಲ. ಎಲ್ಲಿ ನಗಬೇಕು ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇವತ್ತು ನೀನು ಸರಿಯಾಗಿ ನಕ್ಕರೆ, ಮುಂದಿನ ನಾಟಕದಲ್ಲಿ ಬಾಗಿಲು ಕಾಯೋನ ಪಾರ್ಟು ನಿಂದೇ."

ಟೈಲರನ ಕತ್ತರಿ ಬಟ್ಟೆಯ ನಡುವೆಯೇ ನಿಂತಿತು. "ಮಾತಿದೆಯಾ ಮೇಷ್ಟ್ರೇ?"

"ಇದೆ. ಒಂದು."

ಎಷ್ಟೋ ವರ್ಷಗಳಿಂದ ಅವನು ಹೊಲಿದ ಅಂಗಿಗಳೆಲ್ಲ ರಂಗದ ಮೇಲೆ ಹೋಗಿಬಂದಿದ್ದವು, ಅವನೊಬ್ಬ ಹೋಗಿರಲಿಲ್ಲ. ಹೂಂ ಅಂದುಬಿಟ್ಟ.

ಮೇಷ್ಟ್ರು ಬೀದಿಯ ತಿರುವು ದಾಟಿದ ಮೇಲೆ ಅವನಿಗೆ ಅಸಲು ತೊಂದರೆ ನೆನಪಾಯಿತು. ತಾಲೀಮಿಗೆ ಹೋಗಿದ್ದೇನೋ ನಿಜ, ಆದರೆ ಒಂದು ಮಾತನ್ನೂ ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲ. ಕಂಕುಳು ಹಿಡಿಯುತ್ತದೋ, ಗುಂಡಿ ಕಿತ್ತುಕೊಂಡು ಬರುತ್ತದೋ ಎಂದು ಹೊಲಿಗೆಯನ್ನೇ ನೋಡುತ್ತ ಕೂತಿದ್ದ. ತಲೆ ಕೆರೆದುಕೊಂಡಾಗ ಒಂದು ಸಂಗತಿ ಹೊಳೆಯಿತು. ಕೆಂಪು ಕೋಟಿನವನು ಬಂದಾಗಲೆಲ್ಲ ಉಳಿದ ನಟರು ತುಟಿ ಕಚ್ಚಿಕೊಂಡು ಒದ್ದಾಡುತ್ತಿದ್ದರು. ಸರಿ ಹಾಗಾದರೆ. ಕೋಟು ಬಂದರೆ ನಗುವುದು, ಹೋದರೆ ನಿಲ್ಲಿಸುವುದು. ಇದಕ್ಕೇನು ಮಹಾ ವಿದ್ಯೆ ಬೇಕು?

ಬೇಕಾಗಿದ್ದದ್ದು ನಗು. ಬಾಗಿಲು ಅರ್ಧ ಮುಚ್ಚಿ ಒಮ್ಮೆ ನಕ್ಕುನೋಡಿದ. ಎಣ್ಣೆ ಕಾಣದ ಹೊಲಿಗೆಯಂತ್ರದ ಹಾಗೆ ಕಿರ್ ಕಿರ್ ಎಂದಿತು. ಪಕ್ಕದ ಅಂಗಡಿಯ ಕ್ಷೌರಿಕ ಸೋಪಿನ ಬ್ರಷ್ ಹಿಡಿದುಕೊಂಡೇ ಓಡಿಬಂದ. ಅವನ ಹಿಂದೆ ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿ.

"ಏನಣ್ಣಾ, ಹೊಟ್ಟೆನೋವಾ?"

"ನಗ್ತಾ ಇದೀನಿ ಕಣೋ."

"ಇದು ನಗುವಾ? ನಮ್ಮತ್ತೆ ಬಾವೀಲಿ ಬಿದ್ದಾಗ ಹಿಂಗೇ ಕೂಗಿದ್ದಳು."

"ಗಂಟಲಿಂದ ಅಲ್ಲ ಸ್ವಾಮಿ, ಹೊಟ್ಟೆಯಿಂದ ಬರಬೇಕು," ಎಂದು ಅರ್ಧ ಗಡ್ಡದವನು ಟೈಲರನ ಹೊಟ್ಟೆಗೆ ಬೆರಳಿಂದ ತಿವಿದ. ಅದೇ ಹೊತ್ತಿಗೆ ಕ್ಷೌರಿಕ ಕತ್ತಿನ ಹಿಂದೆ ಬ್ರಷ್ ಆಡಿಸಿದ. ನಗು ಬಂತು ನೋಡಿ! ಬಂದದ್ದು ಹೋಗಲೇ ಇಲ್ಲ. ಬಟ್ಟೆಯ ತುಂಡುಗಳ ನಡುವೆ ಟೈಲರ್ ಬಿದ್ದು ಹೊರಳಾಡುತ್ತಿರುವಾಗಲೇ ಊಟದ ಡಬ್ಬಿ ತಂದ ಹೆಂಡತಿ ಒಳಗೆ ಕಾಲಿಟ್ಟಳು.

"ಅಯ್ಯೋ, ಏನು ಮಾಡಿದ್ರೋ ನಮ್ಮನೆಯವರನ್ನ!" ಎಂದವಳೇ ಕೊಡದ ನೀರನ್ನು ಗಂಡನ ತಲೆಗೆ ಸುರಿದಳು. ಕ್ಷೌರಿಕ, ಗಿರಾಕಿ ಇಬ್ಬರೂ ಸದ್ದಿಲ್ಲದೆ ಜಾಗ ಖಾಲಿ ಮಾಡಿದರು. ಅಂಚು ಹೊಲಿಸಲು ಬಂದಿದ್ದ ಹೆಂಗಸೊಬ್ಬಳು ಹೊಸ್ತಿಲಲ್ಲೇ ನಿಂತು, "ತಲೆ ಸರಿಯಾದ ಮೇಲೆ ತರ್ತೀನಿ ಬಿಡಿ," ಎಂದು ಬಟ್ಟೆ ಸಮೇತ ಹಿಂತಿರುಗಿದಳು.

ಟೈಲರ್ ತಲೆ ಒರೆಸಿಕೊಳ್ಳುತ್ತ ಎಲ್ಲ ಹೇಳಿದ.

"ಮನೇಲಿ ಒಂದು ದಿನ ಬಾಯಿ ಬಿಟ್ಟು ನಕ್ಕೋರಲ್ಲ, ಊರಿಗೆಲ್ಲ ನಗೋಕೆ ಹೊರಟ್ರಾ?" ಎಂದಳು ಹೆಂಡತಿ. ಸ್ವಲ್ಪ ತಡೆದು, "ನಿಜವಾಗ್ಲೂ ಪಾರ್ಟು ಕೊಡ್ತಾರಂತಾ?"

"ಹೂಂ."

"ಹಾಗಾದ್ರೆ ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಹೋಗಿ."

ಸಂಜೆ ಸಭಾಂಗಣ ತುಂಬಿತ್ತು. ಮೂರನೇ ಸಾಲಿನ ನಡುವೆ ಟೈಲರ್, ಒಂದು ಪಕ್ಕಕ್ಕೆ ಹೆಂಡತಿ, ಇನ್ನೊಂದು ಪಕ್ಕಕ್ಕೆ ಕ್ಷೌರಿಕ. ಅತ್ತ ಪರದೆಯ ಹಿಂದೆ, ಮುಖ್ಯ ಅತಿಥಿಯಾಗಿ ಬಂದಿದ್ದ ಪುರಸಭೆ ಅಧ್ಯಕ್ಷರ ಕೋಟಿನ ಮೇಲೆ ಯಾರೋ ಕೈತಪ್ಪಿ ಕಾಫಿ ಚೆಲ್ಲಿದ್ದರು. ಬೆವೆತುಹೋದ ಮೇಷ್ಟ್ರು ಕೈಗೆ ಸಿಕ್ಕ ಕೋಟನ್ನು ಅವರ ಮೈಗೇರಿಸಿದ್ದರು. ಇದು ಟೈಲರನಿಗೆ ಹೇಗೆ ಗೊತ್ತಾಗಬೇಕು?

ಪರದೆ ಸರಿಯಿತು. ಕೆಂಪು ಕೋಟು ಬಂತು. ಬೇರೆಯವರಾಗಿದ್ದರೆ ಮುಖ ನೋಡುತ್ತಿದ್ದರು. ಟೈಲರ್ ನೋಡಿದ್ದು ಭುಜವನ್ನು. 'ಅರೆ, ಬಿಗಿಯಾಗಿದೆಯಲ್ಲ' ಅಂದುಕೊಂಡ.

"ಮಹನೀಯರೇ, ನಮ್ಮ ಊರಿನ ಚರಂಡಿಗಳ ಪರಿಸ್ಥಿತಿ..." ಎಂದು ಅಧ್ಯಕ್ಷರು ಶುರುಮಾಡಿದರು.

ಟೈಲರ್ ಬೆಳಗಿನ ಬ್ರಷ್ಷನ್ನು ನೆನೆದುಕೊಂಡು ಹೊಟ್ಟೆಯಿಂದ ನಕ್ಕ. ಅಷ್ಟಕ್ಕೇ ಕಾದಿದ್ದ ಊರು ಕಟ್ಟೆಯೊಡೆದ ಕೆರೆಯ ಹಾಗೆ ನುಗ್ಗಿತು.

"ಅಣ್ಣಾ, ಅದು ಅಧ್ಯಕ್ಷರು! ನಾಟಕ ಇನ್ನೂ ಶುರುವಾಗಿಲ್ಲ!" ಕ್ಷೌರಿಕ ಕಿವಿಯಲ್ಲಿ ಉಸುರಿದ. ಹೆಂಡತಿ ತೊಡೆ ಚಿವುಟಿದಳು. ಟೈಲರ್ ತಟ್ಟನೆ ಬಾಯಿ ಮುಚ್ಚಿಕೊಂಡ. ಆದರೆ ಊರಿಗೆ ಈಗ ಅವನ ಹಂಗಿರಲಿಲ್ಲ.

ಅಧ್ಯಕ್ಷರು ಕಕ್ಕಾಬಿಕ್ಕಿಯಾಗಿ ನಿಂತರು. ಆಮೇಲೆ ಅವರ ತುಟಿಯ ಒಂದು ಕೊನೆ ಮೇಲೆದ್ದಿತು. ಭಾಷಣದ ಹಾಳೆಯನ್ನು ಮಡಚಿ ಜೇಬಿಗಿಟ್ಟರು. "ಚರಂಡಿ ಅಂದ್ರೆ ನಗ್ತೀರಾ? ತಡೀರಿ, ಪೈಪಿನ ಕತೆ ಹೇಳ್ತೀನಿ!" ಜನ ಚಪ್ಪಾಳೆ ತಟ್ಟಿದರು. ಪೈಪು ಮುಗಿದು ಬೀದಿದೀಪ ಬಂತು, ಬೀದಿದೀಪ ಮುಗಿದು ಬೀದಿನಾಯಿ ಬಂತು. ಜನ ನಕ್ಕು ನಕ್ಕು ಸುಸ್ತಾದ ಮೇಲೆ ಅಧ್ಯಕ್ಷರು ಇಳಿದು, ಅದೇ ಕೋಟಿನಲ್ಲಿ ಮೊದಲ ಸಾಲಿನಲ್ಲಿ ಕೂತರು. ಬಿಚ್ಚಿಕೊಡಿ ಎಂದು ಕೇಳುವ ಎದೆ ಯಾರಿಗಿದೆ?

ಹೀಗಾಗಿ ನಾಟಕದ ನಾಯಕ ಬನಿಯನ್ನಿನಲ್ಲೇ ರಂಗಕ್ಕೆ ಬಂದ. ಟೈಲರನಿಗೆ ದಿಕ್ಕೇ ತಪ್ಪಿತು. ರಂಗದ ಮೇಲೆ ಕೋಟಿಲ್ಲ, ಇರುವ ಕೋಟು ಕಣ್ಣೆದುರೇ ಕೂತು ಬೆವರು ಒರೆಸಿಕೊಳ್ಳುತ್ತಿದೆ. ನಕ್ಕರೆ ಎಲ್ಲಿ ಏನು ಅನಾಹುತವೋ ಎಂದು ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡ. ಊರೆಲ್ಲ ಅವನನ್ನೇ ನೋಡುತ್ತಿತ್ತು. ಅವನು ನಗಲಿಲ್ಲ, ಊರೂ ನಗಲಿಲ್ಲ. ನಗೆನಾಟಕ ಸಂತಾಪಸಭೆಯಂತೆ ನಡೆಯಿತು. ತಾಳ್ಮೆಗೆಟ್ಟ ಮೇಷ್ಟ್ರು ಪಕ್ಕದ ಪರದೆಯ ಹಿಂದಿನಿಂದ, ನಗಯ್ಯಾ ಎಂಬಂತೆ, ಸೀಟಿ ಊದಿದರು. ವಿರಾಮ ಬಂತೆಂದು ಅರ್ಧ ಜನ ಎದ್ದು ಹೊರಗೆ ಹೋದರು. ಹೋದವರಲ್ಲಿ ಹಲವರು ಮರಳಲಿಲ್ಲ.

ಮುಗಿದ ಮೇಲೆ ಹಿಂಬಾಗಿಲಿನಿಂದ ನುಸುಳುತ್ತಿದ್ದ ಟೈಲರನ ಕತ್ತುಪಟ್ಟಿ ಮೇಷ್ಟ್ರ ಕೈಗೆ ಸಿಕ್ಕಿತು. "ಬಾ ಒಳಗೆ!"

ಕಪಾಳ ಒಡ್ಡಲು ಸಿದ್ಧನಾಗಿಯೇ ಅವನು ಬಣ್ಣದ ಕೋಣೆಗೆ ಹೋದ. ಕನ್ನಡಿಯ ಮುಂದೆ ನಿಂತಿದ್ದ ಅಧ್ಯಕ್ಷರು ತಿರುಗಿ ಅವನನ್ನು ತಬ್ಬಿಕೊಂಡರು.

"ಮೊದಲು ನಕ್ಕೋನು ನೀನೇನಯ್ಯಾ? ಇಷ್ಟು ವರ್ಷ ಭಾಷಣ ಮಾಡಿದೀನಿ, ನನ್ನ ಹೆಂಡತಿ ಕೂಡ ಆಕಳಿಸ್ತಾಳೆ. ನನ್ನೊಳಗೊಬ್ಬ ಕಲಾವಿದ ಇದಾನೆ ಅಂತ ಇವತ್ತು ನಿನ್ನಿಂದ ಗೊತ್ತಾಯ್ತು." ಅವರ ಕಣ್ಣು ನಿಜವಾಗಿಯೂ ತೇವವಾಗಿತ್ತು.

ಟೈಲರನ ಹೋದ ಜೀವ ಬಂತು. "ಸಾರ್, ಮುಂದಿನ ನಾಟಕದಲ್ಲಿ ನನಗೊಂದು ಪಾರ್ಟು..."

"ಅದನ್ನೇ ಹೇಳೋಕೆ ಕರೆದದ್ದು," ಮೇಷ್ಟ್ರು ನೆಲ ನೋಡುತ್ತ ಹೇಳಿದರು. "ಮುಂದಿನ ನಾಟಕದಲ್ಲಿ ಅಧ್ಯಕ್ಷರೇ ಅಭಿನಯಿಸ್ತಾರೆ. ಬೇರೆ ಪಾರ್ಟೆಲ್ಲ ಹಂಚಿಯಾಗಿದೆ. ಉಳಿದಿದ್ದು ಬಾಗಿಲು ಕಾಯೋನದೊಂದೇ."

"ಮತ್ತೆ ನಾನು?"

"ನೀನು ಮೂರನೇ ಸಾಲು!" ಎಂದರು ಅಧ್ಯಕ್ಷರು. "ನೀನಿಲ್ಲ ಅಂದ್ರೆ ನಾನು ರಂಗದ ಮೇಲೆ ಕಾಲೇ ಇಡಲ್ಲ. ಹಾಂ, ಈ ಕೋಟು ಭುಜದ ಹತ್ತಿರ ಹಿಡಿಯುತ್ತೆ. ಒಂಚೂರು ಬಿಡಿಸಿಬಿಡು."

ಟೈಲರ್ ಗುಂಡುಸೂಜಿಗಳನ್ನು ತುಟಿಯ ನಡುವೆ ಕಚ್ಚಿಕೊಂಡು ಭುಜದ ಹೊಲಿಗೆಗೆ ಕೈಹಾಕಿದ. ಅಧ್ಯಕ್ಷರು ಕನ್ನಡಿಯ ಮುಂದೆ ಎದೆ ಸೆಟೆಸಿ, ಮೇಷ್ಟ್ರು ಹೇಳಿಕೊಟ್ಟ ಒಂದೇ ಮಾತನ್ನು ಗಟ್ಟಿಯಾಗಿ ಒಪ್ಪಿಸಿದರು: "ದೊರೆಗಳೇ, ಯಾರೋ ಬಂದಿದ್ದಾರೆ!"

ಆಮೇಲೆ ಟೈಲರನ ಕಡೆ ತಿರುಗಿ ಕಾದರು.

ಟೈಲರ್ ಗುಂಡುಸೂಜಿಗಳನ್ನು ಒಂದೊಂದಾಗಿ ತುಟಿಯಿಂದ ತೆಗೆದು ಅಂಗೈಯಲ್ಲಿಟ್ಟುಕೊಂಡ. ಆಮೇಲೆ, ಹೊಟ್ಟೆಯಿಂದ, ನಕ್ಕ.