ಭೀಮರಾಜ್ ಮೇಷ್ಟ್ರ ಬೇಲೂರು ಪ್ರದಕ್ಷಿಣೆ

ಅರಸೀಕೆರೆ ಜಂಕ್ಷನ್ನಿನಿಂದ ಎಲ್ಲೆಲ್ಲಿಗೋ ರೈಲುಗಳಿದ್ದವು. ಬೇಲೂರಿಗೆ ಮಾತ್ರ ಇರಲಿಲ್ಲ. ಹೈಸ್ಕೂಲಿನ ಚರಿತ್ರೆ ಮೇಷ್ಟ್ರು ಭೀಮರಾಜ್ ಅವರ ಕಷ್ಟಕ್ಕೆಲ್ಲ ಇದೇ ಮೂಲ. ರೈಲಿನಲ್ಲಿ ದಿಲ್ಲಿಗೆ ಹೋಗಿ ಬಂದರೂ ಜಗ್ಗದ ದೇಹ ಅವರದು. ಬಸ್ಸಿನ ಡೀಸೆಲ್ ವಾಸನೆ ಮೂಗಿಗೆ ಬಿದ್ದರೆ ಸಾಕು, ತಿಂದದ್ದನ್ನೆಲ್ಲ ವಾಪಸ್ ಕಳಿಸುತ್ತಿತ್ತು. ಹಾಗಾಗಿ ಹನ್ನೆರಡು ವರ್ಷದಿಂದ ಹೊಯ್ಸಳರ ಪಾಠ ಮಾಡುತ್ತಿದ್ದರೂ ಮೇಷ್ಟ್ರು ಬೇಲೂರನ್ನು ಕಣ್ಣಾರೆ ಕಂಡಿರಲಿಲ್ಲ. ಈ ಗುಟ್ಟು ಯಾರಿಗೂ ಗೊತ್ತಿರಲಿಲ್ಲ. ಆದರೇನು, ಶಿಲಾಬಾಲಿಕೆಯರೆಲ್ಲ ತಮ್ಮ ಸೋದರತ್ತೆಯ ಮಕ್ಕಳೇನೋ ಎಂಬಷ್ಟು ಸಲುಗೆಯಿಂದ ವರ್ಣಿಸುತ್ತಿದ್ದರು.

ಈ ಖ್ಯಾತಿ ಹೊಸ ಶಿಕ್ಷಣಾಧಿಕಾರಿ ರೇವಣಸಿದ್ದಪ್ಪನವರ ಕಿವಿಗೂ ಬಿತ್ತು. ತೊಂಬತ್ತೇಳರ ಡಿಸೆಂಬರಿನಲ್ಲಿ ಶಾಲೆಯ ಪ್ರವಾಸ ಗೊತ್ತಾದಾಗ, ತಾವೂ ಬೇಲೂರಿಗೆ ಬಂದು ಮೇಷ್ಟ್ರ ವಿವರಣೆ ಕೇಳುವುದಾಗಿ ಹೇಳಿಕಳಿಸಿದರು.

ಅರವತ್ತು ಮಕ್ಕಳೆದುರು ಬಸ್ಸಿನಲ್ಲಿ ವಾಂತಿ ಮಾಡಿಕೊಂಡರೆ ಇಷ್ಟು ವರ್ಷದ ಗುಟ್ಟು ರಟ್ಟಾಗಿ ಮಾನ ಹೋಗುವುದು ಖಂಡಿತ. ಮೇಷ್ಟ್ರು ಹಿಂದಿನ ದಿನವೇ ಡಾಕ್ಟರ ಬಳಿ ಓಡಿದರು. ಡಾಕ್ಟರು ವಾಂತಿ ತಡೆಯುವ ಒಂದೇ ಒಂದು ಮಾತ್ರೆ ಬರೆದುಕೊಟ್ಟು, ಹೊರಡುವ ಒಂದು ಗಂಟೆ ಮುಂಚೆ ನುಂಗಬೇಕೆಂದೂ, ಸ್ವಲ್ಪ ತೂಕಡಿಕೆ ಬರುತ್ತದೆಂದೂ ಹೇಳಿದರು.

"ಜಾಸ್ತಿ ಮಾತ್ರ ತಗೋಬೇಡಿ. ಕೆಲವರಿಗೆ ಕತ್ತು ಸೆಟೆದುಕೊಂಡುಬಿಡುತ್ತೆ," ಎಂದು ಎಚ್ಚರಿಸಿದರು.

ಬೆಳಿಗ್ಗೆ ಮಕ್ಕಳ ತಲೆ ಎಣಿಸುವ ಗಡಿಬಿಡಿಯಲ್ಲಿ ಮಾತ್ರೆ ಮರೆತೇಹೋಯಿತು. ಬಸ್ಸು ಹೊರಟ ಮೇಲೆ ನೆನಪಾಗಿ ನುಂಗಿದರು. ಅದು ಕೆಲಸ ಶುರು ಮಾಡುವ ಮುಂಚೆಯೇ, ಹಾರನಹಳ್ಳಿ ಬರುವಷ್ಟರಲ್ಲಿ, ಹೊಟ್ಟೆ ತೊಳಸತೊಡಗಿತು.

ಮುಂದಿನ ಸೀಟಿನ ಲತಾಮಣಿ ಟೀಚರು ತಿರುಗಿ ನೋಡಿದರು. ಇನ್ನೊಬ್ಬರ ಸಂಕಟ ಕಂಡು ಸುಮ್ಮನಿರುವ ಜಾಯಮಾನ ಅವರದಲ್ಲ. ಅವರ ವ್ಯಾನಿಟಿ ಬ್ಯಾಗೋ, ಅರ್ಧ ಮೆಡಿಕಲ್ ಸ್ಟೋರು. ಅತ್ತೆಗೆ ಆಪರೇಷನ್ ಆದಾಗ ಉಳಿದಿದ್ದ ವಾಂತಿ ಮಾತ್ರೆ ಹೊರಗೆ ಬಂತು.

"ನುಂಗಿ ಸಾರ್. ಇದೂ ಡಾಕ್ಟರು ಬರ್ದಿದ್ದೇ."

ಮೇಷ್ಟ್ರಿಗೆ ಎಚ್ಚರಿಕೆ ನೆನಪಾಯಿತು. ಆದರೆ ಇದರ ಹೆಸರು ಬೇರೆ, ಬಣ್ಣ ಬೇರೆ. ಮಾತ್ರೆಯೂ ಬೇರೆಯೇ ಇರಬೇಕೆಂದು ಸಮಾಧಾನ ಮಾಡಿಕೊಂಡು ನುಂಗಿದರು. ಕಂಪನಿ ಎರಡಾದರೂ ಒಳಗಿನ ಔಷಧಿ ಒಂದೇ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಹತ್ತು ನಿಮಿಷ ಕಾದು ಟೀಚರು ಇನ್ನೊಂದನ್ನೂ ನುಂಗಿಸಿದರು.

ಹೊಟ್ಟೆ ತೊಳಸುವುದು ನಿಂತಿತು. ಅವರ ಪಾಲಿಗೆ ಹಳೇಬೀಡೂ ನಿಂತುಹೋಯಿತೆನ್ನಿ, ಏಕೆಂದರೆ ಮಕ್ಕಳು ಅದನ್ನು ಪೂರ್ತಿ ನೋಡಿ, ಊಟ ಮುಗಿಸಿ ಬಂದರೂ ಮೇಷ್ಟ್ರು ಬಸ್ಸಿನಲ್ಲಿ ಬಾಯಿ ತೆರೆದು ಮಲಗಿಯೇ ಇದ್ದರು.

ಬೇಲೂರಿನಲ್ಲಿ ಇಳಿಯುವಾಗ ಅವರಿಗೆ ನೆಲ ಕಾಣಲಿಲ್ಲ. ಕತ್ತು ಬಲಕ್ಕೆ ತಿರುಚಿಕೊಂಡು ಗದ್ದ ಮೇಲಕ್ಕೆದ್ದಿತ್ತು, ಕಣ್ಣುಗುಡ್ಡೆಗಳು ಆಕಾಶ ನೋಡುತ್ತಿದ್ದವು, ದವಡೆ ಬಿಗಿದಿತ್ತು. ಡ್ರಿಲ್ ಮೇಷ್ಟ್ರು ಮೋಹನ್‌ಕುಮಾರ್ ಇದು ಉಳುಕೆಂದು ತೀರ್ಪು ಕೊಟ್ಟು, ಒಂದೇ ಏಟಿಗೆ ತೆಗೆಯುತ್ತೇನೆಂದು ತೋಳು ಮಡಿಸಿದರು. ಅಷ್ಟರಲ್ಲಿ ರೇವಣಸಿದ್ದಪ್ಪನವರ ಜೀಪು ಬಂದು ಕತ್ತು ಉಳಿಯಿತು.

ಇನ್ನು ವಿಧಿಯಿಲ್ಲ. ಮೇಷ್ಟ್ರು ಪ್ರದಕ್ಷಿಣೆ ಹೊರಟರು. ಪ್ರದಕ್ಷಿಣೆ ಬರುವವರಿಗೆ ಗುಡಿ ಬಲಕ್ಕೇ ಇರುತ್ತದೆ. ಅವರ ಕತ್ತೂ ಬಲಕ್ಕೇ ಇತ್ತು. ಶಿಲಾಬಾಲಿಕೆಯರು ನಿಂತಿರುವುದು ಸೂರಿನ ಕೆಳಗೆ, ಎತ್ತರದಲ್ಲಿ. ಮೇಷ್ಟ್ರ ಕಣ್ಣೂ ಅಲ್ಲೇ ಸಿಕ್ಕಿಕೊಂಡಿತ್ತು. ಬಿಗಿದ ಹಲ್ಲಿನ ಸಂದಿಯಿಂದ ಹನ್ನೆರಡು ವರ್ಷದ ಪಾಠವೆಲ್ಲ ಭಾರವಾಗಿ ಹೊರಬಂತು. ಕನ್ನಡಿ ಹಿಡಿದವಳು, ಗಿಳಿ ಹಿಡಿದವಳು, ಒಬ್ಬಳನ್ನೂ ಬಿಡಲಿಲ್ಲ. ನಿಜ ಹೇಳಬೇಕೆಂದರೆ, ಅಷ್ಟು ನೋವಿನಲ್ಲೂ ಆ ಬಾಲಿಕೆಯರನ್ನು ಮೊದಲ ಸಲ ಕಂಡ ಮೇಷ್ಟ್ರ ಕಣ್ಣು ತುಂಬಿಬಂದಿತ್ತು.

ಸಾಹೇಬರು ಕರಗಿಹೋದರು. ಇಂಥ ತನ್ಮಯತೆಯನ್ನು ತಮ್ಮ ಸರ್ವೀಸಿನಲ್ಲೇ ಕಂಡಿಲ್ಲವೆಂದರು. ಕಾಫಿ ತರಿಸಿಕೊಟ್ಟರು. ಕಾಫಿ ಬಾಯಿಗೆ ಹೋಗದೆ ಕಿವಿಯತ್ತ ಹರಿದಾಗಲೇ ಎಲ್ಲರಿಗೂ ಅನುಮಾನ ಬಂದದ್ದು.

ಬೇಲೂರಿನ ಆಸ್ಪತ್ರೆಯ ಡಾಕ್ಟರು ಮೇಷ್ಟ್ರ ಚೀಟಿಯನ್ನೂ ಲತಾಮಣಿ ಟೀಚರ ಮಾತ್ರೆಯ ಪಟ್ಟಿಯನ್ನೂ ನೋಡಿ, ಒಂದೇ ಔಷಧಿಯನ್ನು ಮೂರು ಸಲ ನುಂಗಿದ ಫಲವಿದು ಎಂದು ಇಂಜೆಕ್ಷನ್ ಚುಚ್ಚಿದರು. ಕಾಲು ಗಂಟೆಯಲ್ಲಿ ಕತ್ತು ನೆಟ್ಟಗಾಯಿತು. ಈ ಮಾತ್ರೆಯ ಸಹವಾಸ ಇವರಿಗೆ ಜನ್ಮದಲ್ಲಿ ಬೇಡವೆಂದು ಕೆಂಪು ಶಾಯಿಯಲ್ಲಿ ಬರೆದರು. ಮಾನ ಉಳಿಯಿತು, ಕತ್ತೂ ಉಳಿಯಿತು, ರಾತ್ರಿ ಹೇಗೋ ಊರು ಸೇರಿದರೆ ಬಸ್ಸಿನ ಮುಖ ಇನ್ನು ನೋಡಬೇಕಿಲ್ಲವೆಂದು ಮೇಷ್ಟ್ರು ನಿಟ್ಟುಸಿರು ಬಿಟ್ಟರು.

ಆಗ ರೇವಣಸಿದ್ದಪ್ಪನವರು ಮಂಚದ ಬಳಿ ಬಂದರು. "ಮೇಷ್ಟ್ರೇ, ಕತ್ತು ಹೋದ್ರೂ ಪಾಠ ನಿಲ್ಲಿಸ್ಲಿಲ್ವಲ್ರೀ ನೀವು. ನಿಮ್ಮನ್ನ ಒಂದು ಶಾಲೆಗೆ ಕಟ್ಟಿಹಾಕೋದು ತಪ್ಪು. ಸೋಮವಾರದಿಂದ ತಾಲ್ಲೂಕಿನ ಎಲ್ಲಾ ಹೈಸ್ಕೂಲ್ ಪ್ರವಾಸಕ್ಕೂ ನೀವೇ ಹೋಗ್ಬೇಕು. ವಾರಕ್ಕೆ ಮೂರು ಬಸ್ಸು. ಒಪ್ಪಿಗೆ ತಾನೆ?"

ಮೇಷ್ಟ್ರು ಬೇಡವೆನ್ನಲು ಬಾಯಿ ತೆರೆದರು. ಆದರೆ ಇಂಜೆಕ್ಷನ್ನಿನ ಮಂಪರಿಗೆ ಸಡಿಲವಾಗಿದ್ದ ಕತ್ತು ತಾನಾಗಿ ಎದೆಯ ಮೇಲೆ ಬಾಗಿತು. ಸಾಹೇಬರು ಸಂತೋಷದಿಂದ ಅಲ್ಲೇ ಆರ್ಡರು ಬರೆದರು.